ಡಿಕ್ಕಿಯೊಳಗಿನ ಡಬ್ಬ: ಮೊದಲು ಲೆಕ್ಕ, ಆಮೇಲೆ ಗರಗಸ

ಕಾರಿಗೆ ಸಬ್‌ವೂಫರ್ ಕೂರಿಸುವವರು ಸ್ಪೀಕರಿಗಾಗಿ ಹತ್ತು ಅಂಗಡಿ ಸುತ್ತುತ್ತಾರೆ, ಆಂಪ್ಲಿಫೈಯರಿನ ವ್ಯಾಟ್ ಹಿಡಿದು ಗಂಟೆಗಟ್ಟಲೆ ವಾದ ಮಾಡುತ್ತಾರೆ. ಡಬ್ಬದ ಮಾತು ಬಂದಾಗ ಮಾತ್ರ, 'ಅದೇನು, ಆರು ಹಲಗೆ ತಾನೆ, ಬಡಗಿಗೆ ಹೇಳಿದರೆ ಮಾಡಿಕೊಡ್ತಾನೆ' ಎಂದುಬಿಡುತ್ತಾರೆ. ಬಡಗಿ ಮಾಡಿಕೊಡುತ್ತಾನೆ, ಅನುಮಾನವಿಲ್ಲ. ಸರಿಯಾಗಿ ಮಾಡಿದರೆ ಮನೆಯ ಡಬ್ಬ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಡಬ್ಬಕ್ಕಿಂತ ಚೆನ್ನಾಗಿಯೇ ನುಡಿಯಬಲ್ಲದು. ಎಡವಟ್ಟಾಗುವುದು ಅದನ್ನು ಸ್ಪೀಕರ್ ಇಡುವ ಬರೀ ಪೆಟ್ಟಿಗೆ ಎಂದುಕೊಂಡಾಗ. ಸಬ್‌ವೂಫರಿನ ಮಟ್ಟಿಗೆ ಡಬ್ಬವೇ ಅರ್ಧ ಸ್ಪೀಕರ್.

ಸ್ಪೀಕರಿನ ಕೋನ್ ಮುಂದಕ್ಕೆ ಬಂದಾಗ ಎದುರಿನ ಗಾಳಿ ಒತ್ತಿಕೊಳ್ಳುತ್ತದೆ, ಬೆನ್ನ ಹಿಂದಿನ ಗಾಳಿ ಅಷ್ಟೇ ಸಡಿಲವಾಗುತ್ತದೆ. 40 ಹರ್ಟ್ಜ್ ಶಬ್ದದ ಒಂದು ಅಲೆಯ ಉದ್ದ ಎಂಟೂವರೆ ಮೀಟರು. ನಮ್ಮ ಕಾರುಗಳೇ ಅದರ ಅರ್ಧದಷ್ಟಿರುತ್ತವೆ. ಹಾಗಾಗಿ ಡಬ್ಬವಿಲ್ಲದ ಸ್ಪೀಕರಿನಲ್ಲಿ ಹಿಂದಿನ ಅಲೆ ಅಂಚು ಸುತ್ತಿ ಮುಂದೆ ಬಂದು ಮುಂದಿನದನ್ನು ಅಳಿಸಿಹಾಕುತ್ತದೆ. ಕೋನ್ ಕುಣಿಯುತ್ತದೆ, ಬೇಸ್ ಕೇಳಿಸುವುದಿಲ್ಲ. ಮುಂದಿನ, ಹಿಂದಿನ ಅಲೆಗಳನ್ನು ಬೇರ್ಪಡಿಸುವುದು ಡಬ್ಬದ ಮೊದಲ ಕೆಲಸ. ಎರಡನೆಯದು, ಒಳಗೆ ಸಿಕ್ಕಿಬಿದ್ದ ಗಾಳಿ ಸ್ಪ್ರಿಂಗಿನಂತೆ ಕೋನನ್ನು ಹಿಡಿದಿಡುವುದು. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಈ ಗಾಳಿಯ ಸ್ಪ್ರಿಂಗನ್ನೇ ನಂಬಿ ಎಆರ್-1 ಎಂಬ ಸಣ್ಣ ಸ್ಪೀಕರ್ ಮಾಡಿ ತೋರಿಸಿದ.

'ಡಬ್ಬ ದೊಡ್ಡದಾದಷ್ಟೂ ಬೇಸ್ ಜಾಸ್ತಿ' ಎಂಬ ನಂಬಿಕೆ ನಿಲ್ಲದಿರುವುದು ಇಲ್ಲೇ. ಮುಚ್ಚಿದ ಡಬ್ಬ ಅಗತ್ಯಕ್ಕಿಂತ ದೊಡ್ಡದಾದರೆ ಗಾಳಿಯ ಸ್ಪ್ರಿಂಗ್ ಸಡಿಲವಾಗುತ್ತದೆ. ಜೋರಾಗಿ ಹಾಕಿದಾಗ ಕೋನ್ ಮಿತಿ ಮೀರಿ ಕುಣಿದು ಕಾಯಿಲ್ ಬಡಿದುಕೊಳ್ಳುತ್ತದೆ. ತೀರಾ ಚಿಕ್ಕದಾದರೆ ಒಂದೇ ಸ್ವರ ಉಬ್ಬಿಕೊಂಡು ಯಾವ ಹಾಡು ಹಾಕಿದರೂ ಅದೇ 'ಗುಂ, ಗುಂ'. ಯಾವ ಸ್ಪೀಕರಿಗೆ ಎಷ್ಟು ಗಾಳಿ ಬೇಕು ಎಂಬುದಕ್ಕೆ ಊಹೆ ಬೇಕಿಲ್ಲ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ಆಮೇಲೆ ಸಿಡ್ನಿ ವಿಶ್ವವಿದ್ಯಾಲಯದಲ್ಲಿದ್ದ ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ ಈ ಲೆಕ್ಕವನ್ನೆಲ್ಲ ಬಿಡಿಸಿಟ್ಟಿದ್ದಾರೆ. ಸ್ಪೀಕರಿನ ಜೊತೆ ಬರುವ ಕಾಗದದಲ್ಲಿ ಎಫ್‌ಎಸ್, ಕ್ಯೂಟಿಎಸ್, ವಿಎಎಸ್ ಎಂದು ಇರುವ ಅಂಕಿಗಳು ಅವರದೇ ಕೊಡುಗೆ. ಅವುಗಳನ್ನು ಅರ್ಥ ಮಾಡಿಕೊಳ್ಳುವ ತಾಳ್ಮೆ ಇಲ್ಲದವರಿಗಾಗಿ ಬಹುತೇಕ ತಯಾರಕರು 'ಇಷ್ಟು ಲೀಟರ್ ಡಬ್ಬ' ಎಂದು ನೇರವಾಗಿಯೇ ಬರೆದಿರುತ್ತಾರೆ. ಆ ಕಾಗದವನ್ನು ಪ್ಯಾಕಿಂಗ್ ಜೊತೆ ಎಸೆದು, ಆಮೇಲೆ ಅಂಗಡಿಯವನನ್ನು 'ಎಷ್ಟು ಸೈಜ್ ಮಾಡಿಸ್ಲಿ?' ಎಂದು ಕೇಳುವುದು ನಮ್ಮಲ್ಲಿ ಮಾಮೂಲು.

ಲೀಟರ್ ಗೊತ್ತಿದ್ದೂ ತಪ್ಪುವವರು ಕಡಿಮೆಯಿಲ್ಲ. ಬಡಗಿ ಹೊರಗಿನ ಅಳತೆ ಹಿಡಿಯುತ್ತಾನೆ, ಸ್ಪೀಕರಿಗೆ ಬೇಕಾದ್ದು ಒಳಗಿನದು. ಹೊರಗೆ 50, 35, 35 ಸೆಂಟಿಮೀಟರ್ ಇರುವ ಡಬ್ಬ 61 ಲೀಟರ್ ಎಂದು ಕಾಣುತ್ತದೆ. 18 ಮಿಲಿಮೀಟರ್ ಹಲಗೆ ಬಳಸಿದರೆ ಪ್ರತಿ ಅಳತೆಯಲ್ಲೂ 36 ಮಿಲಿಮೀಟರ್ ಹೋಗಿ ಒಳಗೆ ಉಳಿಯುವುದು 46 ಲೀಟರಿಗೂ ಕೊಂಚ ಕಡಿಮೆ. ಹಲಗೆಯೇ ಕಾಲು ಭಾಗ ನುಂಗಿತು! ಸ್ಪೀಕರಿನ ಮ್ಯಾಗ್ನೆಟ್, ಒಳಗಿನ ಆಧಾರದ ಪಟ್ಟಿ, ಪೈಪು, ಇವೆಲ್ಲ ತಿನ್ನುವುದು ಇನ್ನೂ ಬೇರೆ.

ಕೆಲವು ಡಬ್ಬಗಳಿಗೆ ತೂತು ಕೊರೆದು ಕೂರಿಸುವ ಪೈಪಿನ, ಅಂದರೆ ಪೋರ್ಟಿನ, ವಿಷಯಕ್ಕೆ ಬಂದರೆ ನಂಬಿಕೆಗಳ ಸಂತೆಯೇ ಇದೆ. 'ಗಾಳಿ ಆಡಲಿ, ಸ್ಪೀಕರ್ ಬಿಸಿಯಾಗದಿರಲಿ ಅಂತ ತೂತು ಬಿಡೋದು' ಎನ್ನುವವರಿದ್ದಾರೆ. ತಂಪು ಮಾಡುವುದು ಅದರ ಕೆಲಸವಲ್ಲ. ಖಾಲಿ ಶೀಶೆಯ ಬಾಯಿಗೆ ಊದಿದರೆ ಒಂದು ಸ್ವರ ಹೊರಡುತ್ತದಲ್ಲ, ಪೋರ್ಟ್ ಇರುವ ಡಬ್ಬದಲ್ಲಿ ನಡೆಯುವುದೂ ಅದೇ. ಡಬ್ಬದ ಗಾಳಿ ಮತ್ತು ಪೈಪಿನ ಗಾಳಿ ಸೇರಿ ಒಂದು ನಿರ್ದಿಷ್ಟ ಸ್ವರಕ್ಕೆ ಅನುರಣಿಸುತ್ತವೆ, ವ್ಯರ್ಥವಾಗುತ್ತಿದ್ದ ಹಿಂದಿನ ಅಲೆ ಅಲ್ಲಿ ನೆರವಿಗೆ ಬರುತ್ತದೆ. ಬೆಲ್ ಲ್ಯಾಬೊರೇಟರೀಸ್‌ನ ಆಲ್ಬರ್ಟ್ ಥುರಾಸ್‌ಗೆ 1932ರಲ್ಲೇ ಇದರ ಪೇಟೆಂಟ್ ಸಿಕ್ಕಿತ್ತು. ಆ ಸ್ವರ ಯಾವುದಿರಬೇಕು ಎನ್ನುವುದನ್ನು ನಿರ್ಧರಿಸುವುದು ಡಬ್ಬದ ಗಾತ್ರ, ಪೈಪಿನ ಅಗಲ ಮತ್ತು ಉದ್ದ. 40 ಲೀಟರ್ ಡಬ್ಬವನ್ನು 35 ಹರ್ಟ್ಜ್‌ಗೆ ಕೂರಿಸಬೇಕೆಂದರೆ 10 ಸೆಂಟಿಮೀಟರ್ ಒಳವ್ಯಾಸದ ಪಿವಿಸಿ ಪೈಪು ಸುಮಾರು 40 ಸೆಂಟಿಮೀಟರ್ ಉದ್ದ ಬೇಕು. ಅಷ್ಟುದ್ದ ಡಬ್ಬದಲ್ಲಿ ಹಿಡಿಸುವುದಿಲ್ಲವೆಂದು ಅರ್ಧಕ್ಕೆ ಕತ್ತರಿಸಿದರೆ ಸ್ವರ 46 ಹರ್ಟ್ಜ್‌ಗೆ ಏರುತ್ತದೆ. ಅದಕ್ಕಿಂತ ಕೆಳಗಿನ ಸ್ವರಗಳಲ್ಲಿ ಕೋನಿಗೆ ಗಾಳಿಯ ಹಿಡಿತವೇ ಇರುವುದಿಲ್ಲ. ಶಬ್ದ ಕಡಿಮೆ, ಕುಣಿತ ಜಾಸ್ತಿ, ಸ್ಪೀಕರ್ ಹಾಳಾಗುವುದು ಸಾಮಾನ್ಯವಾಗಿ ಆಗಲೇ. ಉದ್ದ ಉಳಿಸಲು ಏಳೂವರೆ ಸೆಂಟಿಮೀಟರಿನ ಪೈಪು ಹಾಕಿದರೆ 21 ಸೆಂಟಿಮೀಟರಿಗೇ 35 ಹರ್ಟ್ಜ್ ಸಿಗುತ್ತದೆ ನಿಜ, ಆದರೆ ಸಪೂರ ಬಾಯಿಯಲ್ಲಿ ಗಾಳಿ ನುಗ್ಗಿ 'ಫುಸ್ ಫುಸ್' ಎನ್ನುತ್ತದೆ. ಪೈಪನ್ನು ಒಳಗೇ ಎಲ್ಬೋ ಹಾಕಿ ತಿರುಗಿಸುವುದು, ಇಲ್ಲವೇ ಹಲಗೆಯಿಂದಲೇ ಮಡಿಸಿದ ಪೋರ್ಟ್ ಮಾಡುವುದು ವಾಸಿ.

ಹಾಗಿದ್ದರೆ ಮುಚ್ಚಿದ್ದೋ, ಪೋರ್ಟಿನದೋ? 'ಮುಚ್ಚಿದ್ದು ಶುದ್ಧ, ಪೋರ್ಟಿನದು ಒರಟು' ಎನ್ನುವುದು ಅರ್ಧ ಸತ್ಯ. ಒರಟಾಗಿ ನುಡಿಯುವ ಪೋರ್ಟ್ ಡಬ್ಬಗಳಲ್ಲಿ ಹೆಚ್ಚಿನವು ಲೆಕ್ಕ ತಪ್ಪಿದವು. ಆಯ್ಕೆಗೆ ಒಂದು ಒರಟು ಸೂತ್ರವಿದೆ: ಕಾಗದದಲ್ಲಿರುವ ಎಫ್‌ಎಸ್ ಅಂಕಿಯನ್ನು ಅಲ್ಲೇ ಇರುವ ಕ್ಯೂಇಎಸ್ ಎಂಬ ಇನ್ನೊಂದು ಅಂಕಿಯಿಂದ ಭಾಗಿಸಿ. 50ರ ಆಸುಪಾಸು ಅಥವಾ ಕಡಿಮೆ ಬಂದರೆ ಮುಚ್ಚಿದ ಡಬ್ಬ, 100ರ ಹತ್ತಿರ ಬಂದರೆ ಪೋರ್ಟ್, ನಡುವೆ ಇದ್ದರೆ ನಿಮ್ಮಿಷ್ಟ. ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ಮುಚ್ಚಿದ್ದೇ. ಅದರಲ್ಲಿ ನಾಲ್ಕೈದು ಲೀಟರ್ ಹೆಚ್ಚುಕಡಿಮೆಯಾದರೂ ಕಿವಿಗೆ ಅಷ್ಟಾಗಿ ತಿಳಿಯುವುದಿಲ್ಲ.

ಮುಚ್ಚಿದ ಡಬ್ಬದ ಪರವಾಗಿ ಕಾರೇ ಕೆಲಸ ಮಾಡುತ್ತದೆ ಎನ್ನುವುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಎರಡೂವರೆ ಮೀಟರ್ ಉದ್ದದ ಕ್ಯಾಬಿನ್ನಿನಲ್ಲಿ 70 ಹರ್ಟ್ಜ್‌ನಿಂದ ಕೆಳಗಿನ ಅಲೆಗಳಿಗೆ ಹರಡಲು ಜಾಗವೇ ಇರುವುದಿಲ್ಲ. ಒಳಗಿನ ಗಾಳಿಯೆಲ್ಲ ಒಟ್ಟಾಗಿ ಒತ್ತಿಕೊಳ್ಳುತ್ತದೆ, ಬೇಸ್ ತಾನಾಗಿ ಏರುತ್ತದೆ. ಮುಚ್ಚಿದ ಡಬ್ಬದ ಬೇಸ್ ಕೆಳಗಿಳಿದಂತೆ ಆಕ್ಟೇವ್‌ಗೆ 12 ಡೆಸಿಬಲ್ ಕುಸಿಯುತ್ತದೆ, ಕ್ಯಾಬಿನ್ ಕೊಡುವ ಏರಿಕೆಯೂ ಸಿದ್ಧಾಂತದಲ್ಲಿ ಅಷ್ಟೇ. ಕಿಟಕಿ, ತಗಡು, ಸಂದುಗಳಿಂದ ಒಂದಿಷ್ಟು ಸೋರಿಹೋಗುವುದರಿಂದ ಪೂರ್ತಿ ಸಿಗುವುದಿಲ್ಲ, ಆದರೂ ಲಾಭವೇ. ಮನೆಯ ಹೋಮ್ ಥಿಯೇಟರಿಗೆ ಮಾಡಿದ ಡಬ್ಬವನ್ನು ಡಿಕ್ಕಿಗೆ ತಂದಿಟ್ಟಾಗ ಅದು ಗುಂಯ್‌ಗುಟ್ಟುವುದಕ್ಕೂ ಇದೇ ಕಾರಣ.

ಉಳಿದ ಕೆಲವು ನಂಬಿಕೆಗಳಿಗೆ ಹೆಚ್ಚು ಜಾಗ ಬೇಡ. ಉದ್ದ, ಅಗಲ, ಎತ್ತರಗಳು 'ಗೋಲ್ಡನ್ ರೇಶಿಯೋ'ದಲ್ಲೇ ಇರಬೇಕು ಎನ್ನುತ್ತಾರೆ. ಅರ್ಧ ಮೀಟರಿಗಿಂತ ಚಿಕ್ಕ ಡಬ್ಬದೊಳಗೆ ಅಲೆ ಅನುರಣಿಸುವುದು 340 ಹರ್ಟ್ಜ್‌ಗಿಂತ ಮೇಲೆ. ಸಬ್‌ವೂಫರಿಗೆ ನಾವು 80ರ ಆಚೆ ಕಳಿಸುವುದೇ ಇಲ್ಲ. ಸೀಟಿನ ಬೆನ್ನಿಗೆ ಒರಗುವಂತೆ ಓರೆಯಾಗಿ ಮಾಡಿ, ಏನೂ ತೊಂದರೆಯಿಲ್ಲ. ಮುಚ್ಚಿದ ಡಬ್ಬದೊಳಗೆ ದಿಂಬಿನ ಪಾಲಿಯೆಸ್ಟರ್ ಹತ್ತಿ ತುಂಬುವುದು ಮೂಢನಂಬಿಕೆಯಲ್ಲ, ಡಬ್ಬ ಕೊಂಚ ದೊಡ್ಡದಾದಂತೆ ವರ್ತಿಸುತ್ತದೆ.

'ಎಂಡಿಎಫ್ ಬಿಟ್ಟರೆ ಬೇರೆ ಆಗದು' ಎನ್ನುವುದೂ ಅತಿಯೇ. ಸ್ಪೀಕರಿಗೆ ಬೇಕಾದ್ದು ಅದುರದ, ಗಾಳಿ ಸೋರದ ಗೋಡೆ. ಎಂಡಿಎಫ್ ಅಗ್ಗ, ಸಮತಟ್ಟು, ಆದರೆ ಕತ್ತರಿಸಿದ ಅಂಚಿಗೆ ನೀರು ತಾಗಿದರೆ ಉಬ್ಬುತ್ತದೆ. ಒದ್ದೆ ಕೊಡೆಯನ್ನು ಡಿಕ್ಕಿಗೆ ಎಸೆಯುವ ಕರಾವಳಿ, ಮಲೆನಾಡಿನ ಮಂದಿಗೆ ಐಎಸ್ 710 ಗುರುತಿನ ಮರೀನ್ ಪ್ಲೈವುಡ್ಡೇ ಸರಿ. ಕೀಲುಗಳಿಗೆ ಫೆವಿಕಾಲ್ ಧಾರಾಳವಾಗಿ ಹಚ್ಚಿ. ಸ್ಕ್ರೂ ಇರುವುದು ಅಂಟು ಒಣಗುವವರೆಗೆ ಹಿಡಿದಿಡಲು. ಒಳಸಂದುಗಳಿಗೆ ಸಿಲಿಕೋನ್ ಹಾಕಿದ್ದರೆ ಹುಳಿವಾಸನೆ ಪೂರ್ತಿ ಹೋದ ಮೇಲೆಯೇ ಸ್ಪೀಕರ್ ಕೂರಿಸಿ.

ವ್ಯಾಟ್ ಹುಚ್ಚಿಗೂ ಒಂದು ಮಾತು. 250 ವ್ಯಾಟ್ ಬದಲು 500 ವ್ಯಾಟ್ ಹಾಕಿದರೆ ಸಿಗುವುದು 3 ಡೆಸಿಬಲ್ ಮಾತ್ರ. ಕಿವಿಗೆ ಎರಡರಷ್ಟು ಜೋರೆನಿಸಲು ಸುಮಾರು 10 ಡೆಸಿಬಲ್, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು. ಸರಿಯಾಗಿ ಕೂರಿಸಿದ ಪೋರ್ಟ್ ಡಬ್ಬ ತನ್ನ ಸ್ವರದ ಆಸುಪಾಸಿನಲ್ಲಿ ಆ 3 ಡೆಸಿಬಲ್ಲನ್ನು ಪುಕ್ಕಟೆ ಕೊಡುತ್ತದೆ. ಪ್ಯಾಕಿಂಗ್ ಮೇಲೆ ದೊಡ್ಡದಾಗಿ ಅಚ್ಚಾದ 'ಮ್ಯಾಕ್ಸ್' ವ್ಯಾಟನ್ನು ನೋಡಲೇಬೇಡಿ, ಆರ್‌ಎಂಎಸ್ ಅಂಕಿ ಕೇಳಿ.

ಕೊನೆಗೆ, 'ಇಷ್ಟು ಭಾರ ಇದೆ, ಎಲ್ಲಿಗೆ ಹೋಗುತ್ತೆ' ಎಂದು ಡಬ್ಬವನ್ನು ಹಾಗೆಯೇ ಇಡುವವರಿಗೆ: ಮೇಲೆ ಹೇಳಿದ ಅಳತೆಯ ಎಂಡಿಎಫ್ ಡಬ್ಬ ಬರಿದೇ ಹನ್ನೊಂದು ಹನ್ನೆರಡು ಕಿಲೋ, ಸ್ಪೀಕರ್ ಸೇರಿ ಇಪ್ಪತ್ತರ ಹತ್ತಿರ. ಹೆದ್ದಾರಿಯಲ್ಲಿ ಗಕ್ಕನೆ ಬ್ರೇಕ್ ಹಾಕಿದಾಗ ಅದು ಹಿಂದಿನ ಸೀಟಿನವರ ಮೇಲೆ ನುಗ್ಗುತ್ತದೆ. ಎಲ್ ಪಟ್ಟಿ, ಬೋಲ್ಟ್ ಹಾಕಿ ಬಿಗಿಯಿರಿ. ತೂತು ಕೊರೆಯುವ ಮುನ್ನ ಕಾರಿನ ಕೆಳಗೆ ಬಗ್ಗಿ, ಪೆಟ್ರೋಲ್ ಟ್ಯಾಂಕು, ಪೈಪು, ವೈರುಗಳು ಎಲ್ಲಿವೆ ಎಂದು ನೋಡಿಕೊಳ್ಳಿ.