ವಾರಕ್ಕೊಂದೇ ಫೋಟೊ

ಭಾನುವಾರ ಬೆಳಿಗ್ಗೆ ಹುಬ್ಬಳ್ಳಿಯ ದೇಶಪಾಂಡೆ ನಗರದ ಒಂದು ಮನೆಯ ಪಡಸಾಲೆ. ಕಿಟಕಿಯ ಪರದೆ ಎಳೆದಿದೆ, ಟಿ.ವಿ.ಗೆ ಲ್ಯಾಪ್‌ಟಾಪಿನ ವೈರು ಸಿಕ್ಕಿಸಿದೆ. ಎಂಟು ಜನ, ಏಳು ಖುರ್ಚಿ. ಟಿ.ವಿ.ಯ ಮೇಲೆ ಫೋಟೊ ಬಂತೆಂದರೆ ಮಾತು ನಿಲ್ಲಬೇಕು. ಒಂದು ನಿಮಿಷ ಯಾರೂ ಬಾಯಿ ಬಿಡುವಂತಿಲ್ಲ. ಆಮೇಲೂ ಫೋಟೊ ತೆಗೆದವರು ಮಾತಾಡುವಂತಿಲ್ಲ, ಉಳಿದವರೆಲ್ಲ ಹೇಳಿ ಮುಗಿಸಿದ ಮೇಲೆಯೇ ಅವರ ಸರದಿ.

ಮೊನ್ನೆ ಬಂದದ್ದು ಜನತಾ ಬಜಾರಿನ ಹೂವಿನವಳ ಚಿತ್ರ. ಮುಖವಿಲ್ಲ, ಎರಡು ಕೈ ಮಾತ್ರ. ಬಾಳೆನಾರನ್ನು ಹೆಬ್ಬೆರಳಿನ ಉಗುರಿಗೆ ಸಿಕ್ಕಿಸಿ ಗಂಟು ಬಿಗಿಯುತ್ತಿರುವ ಗಳಿಗೆ. ಸೇವಂತಿಗೆಯ ಹಳದಿ, ಉಗುರಿನ ಅಂಚಿನಲ್ಲಿ ಹಸಿರು ಕರೆ. ಎಡಮೂಲೆಯಲ್ಲೊಂದು ನೀಲಿ ಪ್ಲಾಸ್ಟಿಕ್ ಬಕೀಟು.

‘ಬಕೀಟು ಕ್ರಾಪ್ ಮಾಡ್ರಿ, ಕಣ್ಣಿಗೆ ಚುಚ್ಚತೈತಿ’ ಎಂದರು ಬ್ಯಾಂಕಿನಿಂದ ನಿವೃತ್ತರಾದವರು.

‘ಬ್ಯಾಡ. ಬಕೀಟು ಇದ್ರನ ಅದು ಬಜಾರ. ತಗದ್ರ ಕ್ಯಾಲೆಂಡರ್ ಆಗತೈತಿ’ ಎಂದಳು ಎಂಜಿನಿಯರಿಂಗ್ ಓದುವ ಹುಡುಗಿ.

ಹತ್ತು ನಿಮಿಷ ಬಕೀಟಿನ ಮೇಲೆಯೇ ಹೋಯಿತು. ಕೊನೆಗೆ ತೆಗೆದವರ ಸರದಿ ಬಂದಾಗ ಅವರು ತಲೆ ಕೆರೆದುಕೊಂಡು, ‘ಖರೇ ಹೇಳ್ಬೇಕಂದ್ರ, ಬಕೀಟು ಐತಿ ಅಂತ ನನಗ ಈಗ ಗೊತ್ತಾತ್ರಿ’ ಎಂದರು.

ವಾರವಾರ ಫೋಟೊ ಹಂಚಿಕೊಳ್ಳುವ ಈ ಆಟದ ಗುಟ್ಟೆಲ್ಲ ಆ ಮಾತಿನಲ್ಲಿದೆ. ತೆಗೆದವನಿಗೆ ಕಾಣುವುದು ತಾನು ತೆಗೆಯಬೇಕೆಂದುಕೊಂಡದ್ದು. ಚೌಕಟ್ಟಿನೊಳಗೆ ನಿಜಕ್ಕೂ ಏನಿದೆ ಎಂದು ಹೇಳಲು ಇನ್ನೊಬ್ಬರ ಕಣ್ಣೇ ಬೇಕು. ನಮ್ಮ ಕೂಟಕ್ಕೆ ಹೆಸರಿಲ್ಲ, ಚಂದಾ ಇಲ್ಲ, ಅಧ್ಯಕ್ಷರಂತೂ ಇಲ್ಲವೇ ಇಲ್ಲ. ಇರುವುದು ಮೂರು ಕರಾರು. ಸೋಮವಾರದಿಂದ ಶನಿವಾರದೊಳಗೆ ತೆಗೆದದ್ದಾಗಿರಬೇಕು. ಒಬ್ಬರಿಗೆ ಒಂದೇ ಫೋಟೊ. ‘ಚಲೋ ಐತಿ’, ‘ಮಸ್ತ್ ಐತಿ’ ಎನ್ನಕೂಡದು. ಯಾಕೆ ಚಲೋ ಎಂದು ಹೇಳಲಾಗದಿದ್ದರೆ ಗಿರ್ಮಿಟ್ ತಿನ್ನುತ್ತ ಸುಮ್ಮನಿರಬೇಕು.

ಈ ಓಣಿಗೆ ಇಂಥ ಕೂಟ ಹೊಸದಲ್ಲ. ಗಾಯಕಿ ಗಂಗೂಬಾಯಿ ಹಾನಗಲ್ಲರ ಮನೆ ‘ಗಂಗಾಲಹರಿ’ ಇರುವುದು ಇದೇ ದೇಶಪಾಂಡೆ ನಗರದಲ್ಲಿ. ಅವರ ಗುರುಗಳ ಹೆಸರು ಹೊತ್ತ ಸವಾಯಿ ಗಂಧರ್ವ ಕಲಾಮಂದಿರವೂ ಇಲ್ಲೇ. ಬೈಠಕ್‌ನಲ್ಲಿ ಹಾಡುವವರಿಗೆ ಎದುರು ಕೂತವರ ಕಿವಿಯೇ ಪರೀಕ್ಷೆ. ಸಮ್ಮಿಗೆ ಸರಿಯಾಗಿ ಬಂದು ಕೂತರೆ ಒಂದು ‘ವಾಹ್’, ತಪ್ಪಿದರೆ ಯಾರೋ ಎಲೆ ಅಡಿಕೆಯ ತಟ್ಟೆಗೆ ಕೈ ಹಾಕುತ್ತಾರೆ. ನಮ್ಮಲ್ಲಿ ಮೊಬೈಲಿಗೆ ಕೈ ಹಾಕುತ್ತಾರೆ, ಅಷ್ಟೇ ವ್ಯತ್ಯಾಸ.

‘ಹವ್ಯಾಸಿ’ ಎಂಬ ಮಾತನ್ನು ಉತ್ತರ ಕರ್ನಾಟಕದವರು ಹೆಚ್ಚಾಗಿ ಕೇಳಿರುವುದು ನಾಟಕದ ಸಂಬಂಧದಲ್ಲಿ. ಕಂಪನಿ ನಾಟಕದವರಿಗೆ ಅದು ಹೊಟ್ಟೆಪಾಡು, ಹವ್ಯಾಸಿಗಳಿಗೆ ಸಂಜೆಯ ಹುಚ್ಚು. ಫೋಟೊಗ್ರಫಿಯಲ್ಲೂ ಇದೇ ಭೇದ. ಮದುವೆ ಫೋಟೊ ತೆಗೆಯುವವರು ಅಕ್ಷತೆ ಬೀಳುವ ಗಳಿಗೆ ತಪ್ಪಿಸಿಕೊಳ್ಳುವಂತಿಲ್ಲ. ಹವ್ಯಾಸಿಗೆ ತಪ್ಪಿದರೆ ನಾಳೆ ಇದೆ. ಆ ಸಸಾರವೇ ಅವನ ಭಾಗ್ಯ, ಅದೇ ಅವನ ರೋಗ. ಬಯ್ಯುವ ಗಿರಾಕಿ ಇಲ್ಲದವನಿಗೆ ಬಯ್ಯುವ ಗೆಳೆಯರಾದರೂ ಬೇಕಲ್ಲ.

ಧಾರವಾಡ ಸೀಮೆಗೂ ಹವ್ಯಾಸಿ ಫೋಟೊಗ್ರಫಿಗೂ ನಂಟು ನಾವಂದುಕೊಂಡಿದ್ದಕ್ಕಿಂತ ಹಳೆಯದು. 1839ರಲ್ಲಿ ಪ್ಯಾರಿಸ್ಸಿನಲ್ಲಿ ಫೋಟೊ ತೆಗೆಯುವ ಡಾಗೇರನ ವಿಧಾನ ಪ್ರಕಟವಾಯಿತು. 15 ವರ್ಷ ಕಳೆಯುವಷ್ಟರಲ್ಲಿ, 1854ರಲ್ಲಿ, ಮುಂಬಯಿಯಲ್ಲಿ ಫೋಟೊಗ್ರಾಫಿಕ್ ಸೊಸೈಟಿ ಹುಟ್ಟಿತು. ಧಾರವಾಡ ಆಗ ಮುಂಬಯಿ ಪ್ರಾಂತ್ಯದ ಭಾಗ. ಆ ಸೊಸೈಟಿಯ ಆಸರೆಯಲ್ಲಿ 1856ರಿಂದ 1858ರವರೆಗೆ ‘ದಿ ಇಂಡಿಯನ್ ಅಮೆಚೂರ್ಸ್ ಫೋಟೊಗ್ರಾಫಿಕ್ ಆಲ್ಬಮ್’ ಎಂಬ ಮಾಸಿಕ ಬಂತು. ಸಂಚಿಕೆಗೆ ಮೂರು ಫೋಟೊ, ಒಟ್ಟು 24 ಸಂಚಿಕೆ. ಅಚ್ಚು ಹಾಕಿದ ಚಿತ್ರಗಳಲ್ಲ ಅವು, ನಿಜವಾದ ಪ್ರಿಂಟುಗಳು. ಲಂಡನ್ನಿನಲ್ಲಿ ಅದೇ ಕಾಲಕ್ಕೆ, 1855ರಲ್ಲಿ, ಫೋಟೊಗ್ರಾಫಿಕ್ ಎಕ್ಸ್‌ಚೇಂಜ್ ಕ್ಲಬ್ಬಿನವರು ತಮ್ಮ ತಮ್ಮ ಪ್ರಿಂಟುಗಳನ್ನು ಒಬ್ಬರಿಗೊಬ್ಬರು ಕೊಟ್ಟು ಆಲ್ಬಂ ಕಟ್ಟಿಕೊಳ್ಳುತ್ತಿದ್ದರು. ತೆಗೆದದ್ದನ್ನು ತೋರಿಸದೆ ಇರಲಾರದ ಈ ಚಪಲ ಕ್ಯಾಮೆರಾದಷ್ಟೇ ಹಳೆಯದು.

ನಮ್ಮ ಸೀಮೆಗೆ ಕ್ಯಾಮೆರಾ ಹೊತ್ತು ಬಂದವರು ಸ್ಟುಡಿಯೊ ಇಟ್ಟವರಲ್ಲ. ಥಾಮಸ್ ಬಿಗ್ಸ್ ತೋಪುಖಾನೆಯ ಅಧಿಕಾರಿ. 1855ರಲ್ಲಿ ಮುಂಬಯಿ ಸರ್ಕಾರ ಪ್ರಾಚೀನ ಕಟ್ಟಡಗಳ ಫೋಟೊ ತೆಗೆಯಲು ಅವರನ್ನು ನೇಮಿಸಿತು. ಅವರು ದಂಡಿಗೆ ಮರಳಬೇಕಾಗಿ ಬಂದಾಗ ಕೆಲಸ ಹೋದದ್ದು ವಿಲಿಯಂ ಹೆನ್ರಿ ಪಿಗೂ ಎಂಬ ಡಾಕ್ಟರ ಕೈಗೆ. ಲಕ್ಕುಂಡಿ, ಗದಗ, ಡಂಬಳದ ಗುಡಿಗಳ ಮುಂದೆ ಮುಕ್ಕಾಲಿ ಊರಿದ್ದು ಇಂಥವರು. ಬಿಗ್ಸ್, ಪಿಗೂ, ಅವರಂತೆಯೇ ಫೋಟೊ ತೆಗೆದ ನೀಲ್ ಎಂಬುವರು, ಈ ಮೂವರ ಚಿತ್ರಗಳು ಸೇರಿ 1866ರಲ್ಲಿ ಲಂಡನ್ನಿನ ಜಾನ್ ಮರ್ರಿ ಪ್ರಕಾಶನದಿಂದ ‘ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್’ ಬಂತು. ಇತಿಹಾಸ ಬರೆದವರು ಮೆಡೋಸ್ ಟೇಲರ್, ವಾಸ್ತುವಿನ ಟಿಪ್ಪಣಿ ಜೇಮ್ಸ್ ಫರ್ಗುಸನ್‌ರದು. ಮುಖಪುಟದಲ್ಲಿ ಪಿಗೂ ಹೆಸರಿನ ಹಿಂದೆ ‘ದಿವಂಗತ’ ಎಂದಿದೆ. ಪುಸ್ತಕ ನೋಡಲು ಅವರು ಉಳಿದಿರಲಿಲ್ಲ.

ಅತ್ತ ಹಂಪಿಯಲ್ಲಿ 1855–56ರ ಸುಮಾರಿಗೆ ಮದ್ರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಇದೇ ಕೆಲಸದಲ್ಲಿದ್ದರು, ಕೇವಲ ಹವ್ಯಾಸಕ್ಕಾಗಿ. ಅವರ ನೆಗೆಟಿವ್ ಕಾಗದದ್ದು. ಕಾಗದಕ್ಕೆ ಬೆಳ್ಳಿಯ ಲವಣ ಬಳಿದು ಕತ್ತಲಲ್ಲಿ ಕ್ಯಾಮೆರಾಕ್ಕೆ ಇಡಬೇಕು, ನಿಮಿಷಗಟ್ಟಲೆ ಬೆಳಕು ಕುಡಿಸಬೇಕು, ತೊಳೆಯಬೇಕು, ಪಾರದರ್ಶಕವಾಗಲೆಂದು ಮೇಣ ತೀಡಬೇಕು, ಆಮೇಲೆ ಇನ್ನೊಂದು ಕಾಗದದ ಮೇಲಿಟ್ಟು ಬಿಸಿಲಿಗೆ ಒಡ್ಡಬೇಕು. ಹಂಪಿಯ ಉರಿಯಲ್ಲಿ ಇಷ್ಟೆಲ್ಲ ಮಾಡುವವನು ಎಲ್ಲಿ ನಿಲ್ಲಬೇಕೆಂದು ಎಷ್ಟು ಸಲ ಯೋಚಿಸಿರಬೇಡ! 1980ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಹಂಪಿಗೆ ಬಂದು, ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ ಅಲ್ಲಿಂದಲೇ ಮತ್ತೆ ಫೋಟೊ ತೆಗೆದರು. ನೂರು ವರ್ಷಕ್ಕೂ ಮಿಕ್ಕಿದ ಅಂತರದಲ್ಲಿ ಒಬ್ಬ ಫೋಟೊಗ್ರಾಫರ್ ಇನ್ನೊಬ್ಬನಿಗೆ ಕೊಟ್ಟ ಉತ್ತರದಂತಿವೆ ಆ ಜೋಡಿ ಚಿತ್ರಗಳು.

ಮುಂದೆ ಕ್ಯಾಮೆರಾ ಅಗ್ಗವಾಯಿತು. ನಮ್ಮ ಕಡೆಯ ಮಧ್ಯಮ ವರ್ಗದ ಮನೆಗಳಿಗೆ ಬಂದದ್ದು ಆಗ್ಫಾ ಕ್ಲಿಕ್ 3. ಒಂದು ರೋಲಿಗೆ 12 ಚಿತ್ರ. ರೋಲು ಊಟಿಯ ಹಿಂದುಸ್ತಾನ್ ಫೋಟೊ ಫಿಲ್ಮ್ಸ್‌ನ ‘ಇಂದು’, ಇಲ್ಲವೇ ಪೂರ್ವ ಜರ್ಮನಿಯ ಆರ್ವೋ. 12ರಲ್ಲಿ ನಾಲ್ಕು ಗಣೇಶ ಚೌತಿಗೆ, ನಾಲ್ಕು ಅಕ್ಕನ ಸೀಮಂತಕ್ಕೆ, ಉಳಿದದ್ದು ಗೋಕರ್ಣಕ್ಕೆ ಹೋದಾಗ ಎಂದು ಲೆಕ್ಕ ಹಾಕಿ ಒತ್ತುತ್ತಿದ್ದೆವು. ‘ರೋಲ್ ತೊಳೆಸೋದು’ ಎಂಬ ಮಾತೇ ಇಂದಿನ ಮಕ್ಕಳಿಗೆ ಅರ್ಥವಾಗದು. ತೊಳೆಸಿದ ಮೇಲೆ ತಿಳಿಯುತ್ತಿತ್ತು, ಗೋಕರ್ಣದಲ್ಲಿ ನನ್ನ ಹೆಬ್ಬೆರಳು ಲೆನ್ಸಿನ ಮೇಲಿತ್ತೆಂದು.

ಹವ್ಯಾಸಿಗಳು ಒಂದುಗೂಡಿದ ಕಥೆಯಲ್ಲಿ ಕರ್ನಾಟಕಕ್ಕೆ ದೊಡ್ಡ ಪಾಲಿದೆ. ದೇಶದ ಫೋಟೊ ಕ್ಲಬ್ಬುಗಳನ್ನೆಲ್ಲ ಪೋಣಿಸಿದ ಫೆಡರೇಶನ್ ಆಫ್ ಇಂಡಿಯನ್ ಫೋಟೊಗ್ರಫಿಯನ್ನು 1953ರಲ್ಲಿ ಕಟ್ಟಿದವರು ಬೆಂಗಳೂರಿನ ಡಾ. ಜಿ. ಥಾಮಸ್. ಅದೇ ಊರಿನಲ್ಲಿ 1971ರಲ್ಲಿ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಶುರುವಾಯಿತು, ಇಂದಿಗೂ ನಡೆದಿದೆ. ಒ.ಸಿ. ಎಡ್ವರ್ಡ್ಸ್‌ರ ಕೈಕೆಳಗೆ ಪಳಗಿದ ಟಿ.ಎನ್.ಎ. ಪೆರುಮಾಳ್ ಮುಂದೆ ಎಷ್ಟೋ ಜನಕ್ಕೆ ಗುರುವಾದರು. ಸಂಡೂರಿನ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಮಂತ್ರಿಯೂ ಆಗಿದ್ದರು, ಕಾಡಿನ ಫೋಟೊಗ್ರಾಫರೂ ಆಗಿದ್ದರು. ಬಜೆಟ್ ಮಂಡಿಸುವ ಕೈ ಆನೆಯ ಎದುರು ಕ್ಯಾಮೆರಾ ಹಿಡಿದು ಅಲುಗದೆ ನಿಂತಿತೆಂದರೆ ಹವ್ಯಾಸದ ಶಕ್ತಿ ನೋಡಿ. ಮೂಡಿಗೆರೆಯ ತೋಟದಲ್ಲಿ ಹಕ್ಕಿಗಾಗಿ ಕಾಯುತ್ತಿದ್ದ ಪೂರ್ಣಚಂದ್ರ ತೇಜಸ್ವಿಯವರನ್ನು ಕನ್ನಡಿಗರಿಗೆ ಪರಿಚಯಿಸಬೇಕಾಗಿಲ್ಲ.

ಕ್ಲಬ್ಬುಗಳು ಕಲಿಸಿದ್ದು ಬಹಳ: ಬೆಳಕಿನ ಲೆಕ್ಕ, ಪ್ರಿಂಟಿನ ಅಚ್ಚುಕಟ್ಟು, ನಿಸರ್ಗದ ಚಿತ್ರದಲ್ಲಿ ಸುಳ್ಳು ಬೆರೆಸಬಾರದೆಂಬ ನಿಷ್ಠೆ. ಆದರೆ ಅವು ನಡೆಸುವ ಸ್ಪರ್ಧೆಗಳ, ಅಂದರೆ ಸಲೋನುಗಳ, ವಿಷಯದಲ್ಲಿ ನನಗೊಂದು ತಕರಾರಿದೆ. ನಿರ್ಣಾಯಕರ ಮುಂದೆ ಸಾವಿರಾರು ಚಿತ್ರ ಸರಸರ ಓಡುವಾಗ ಗೆಲ್ಲುವುದು ಒಂದೇ ಏಟಿಗೆ ಕಣ್ಣಿಗೆ ಹೊಡೆಯುವ ಚಿತ್ರ. ಹೀಗಾಗಿ ಕಂಬಳದ ಕೆಸರು ಹಾರುತ್ತಲೇ ಇರುತ್ತದೆ, ಬೆಸ್ತ ಬಲೆ ಬೀಸುತ್ತಲೇ ಇರುತ್ತಾನೆ, ಗರಡಿಯ ಪೈಲ್ವಾನ ಮಣ್ಣು ತೂರುತ್ತಲೇ ಇರುತ್ತಾನೆ. ಮೊದಲು ತೆಗೆದವರು ಕಂಡು ತೆಗೆದರು, ನೂರನೆಯವರು ಅದನ್ನು ನೋಡಿ ತೆಗೆದರು. ಹೂವಿನವಳ ಉಗುರಿನ ಹಸಿರು ಕರೆ ಅಂಥ ಕಡೆ ಗೆಲ್ಲುವುದು ಕಷ್ಟ. ಅದಕ್ಕೆ ಒಂದು ನಿಮಿಷ ಬೇಕು.

ವಾರದ ಕೂಟ ಈ ಅವಸರಕ್ಕೆ ಮದ್ದು. ದೂರದ ಕಾಡಿಗೆ ಹೋಗಲು ವಾರದಲ್ಲಿ ಬಿಡುವೆಲ್ಲಿ? ಕೆಲಸಕ್ಕೆ ಹೋಗುವ ದಾರಿಯಲ್ಲೇ ಚಿತ್ರ ಹುಟ್ಟಬೇಕು. ನಮ್ಮಲ್ಲೊಬ್ಬರು ನವನಗರದ ಕಡೆ ದಿನಾ ಚಿಗರಿ ಬಸ್ಸಿನಲ್ಲಿ ಹೋಗುವವರು. ಆರು ವಾರ ಬಸ್ಸಿನ ಕಿಟಕಿಯನ್ನೇ ತಂದರು. ನಮಗೆ ಬೇಜಾರು ಬಂತು. ಏಳನೆಯ ವಾರದ ಚಿತ್ರದಲ್ಲಿ ಹಿಂದಿನ ರಾತ್ರಿ ಯಾರೋ ತಲೆ ಆನಿಸಿ ಮಲಗಿದ್ದ ಎಣ್ಣೆಯ ಗುರುತು ಗಾಜಿನ ಮೇಲಿತ್ತು, ಅದರ ಹಿಂದೆ ಉಣಕಲ್ ಕೆರೆಯ ಮುಂಜಾವು ಮಸುಕಾಗಿ ನಿಂತಿತ್ತು. ಆ ದಿನ ನಿಮಿಷ ಮುಗಿದ ಮೇಲೂ ಯಾರೂ ಮಾತಾಡಲಿಲ್ಲ. ಅದೇ ಕೆರೆಯ ಸೂರ್ಯಾಸ್ತವನ್ನು ನಾನು ಎಷ್ಟು ಸಲ ತಂದು ಬೈಸಿಕೊಂಡಿದ್ದೇನೆಂದು ಇಲ್ಲಿ ಬರೆಯಬೇಕಾಗಿಲ್ಲ.

ಹುಬ್ಬಳ್ಳಿಯ ಕ್ಯಾಮೆರಾಗಳಿಗೆಲ್ಲ ನಿಜವಾದ ಪರೀಕ್ಷೆ ರಂಗಪಂಚಮಿ. ಹೋಳಿಯ ಐದನೆಯ ದಿನ ಕಮರಿಪೇಟೆ, ದುರ್ಗದಬೈಲ್ ಕಡೆ ಬಣ್ಣದ ಮೋಡವೇ ಇಳಿಯುತ್ತದೆ. ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ, ಲೆನ್ಸಿನ ಬಾಯಿಗೆ ರಬ್ಬರ್ ಬ್ಯಾಂಡು ಹಾಕಿ, ಮುಂದೆ ಒಂದು ಸಾದಾ ಫಿಲ್ಟರ್ ತಿರುವಿ ಹೊರಡಬೇಕು. ಒಣ ಬಣ್ಣ ನೀರಿಗಿಂತ ಕೆಟ್ಟದ್ದು, ಜೂಮ್ ತಿರುಗಿಸಿದಷ್ಟೂ ಒಳಗೆ ಹೋಗುತ್ತದೆ. ಒಂದು ವರ್ಷ ನಾನು ಸಡಗರದಲ್ಲಿ ಬೀದಿಯಲ್ಲೇ ಲೆನ್ಸ್ ಬದಲಿಸಿದೆ. ಆಮೇಲೆ ತಿಂಗಳುಗಟ್ಟಲೆ ನನ್ನ ಪ್ರತಿ ಆಕಾಶದಲ್ಲೂ ಬಲಮೇಲ್ಮೂಲೆಗೆ ಒಂದು ಕಪ್ಪು ಚುಕ್ಕಿ. ಕೂಟದವರು ಅದಕ್ಕೆ ‘ನಿಮ್ಮ ಹದ್ದು’ ಎಂದು ಹೆಸರಿಟ್ಟರು.

ಆ ದಿನ ಎಲ್ಲರೂ ನೂರಾರು ಫೋಟೊ ತೆಗೆದಿರುತ್ತಾರೆ. ಒಂದೇ ತರಬೇಕೆಂಬ ಕರಾರು ಆಗ ಕಚ್ಚುತ್ತದೆ. ಮೊಬೈಲು ಬಂದ ಮೇಲೆ ತೆಗೆಯುವುದು ಹೂವೆತ್ತಿದಷ್ಟು ಹಗುರ, ಆರಿಸುವುದೇ ಭಾರ. ಗ್ರೀನ್‌ಲಾ ಕಾಗದಕ್ಕೆ ಲವಣ ಬಳಿಯುವ ಮೊದಲೇ ಪಟ್ಟ ಪಾಡನ್ನು ನಾವು ಶನಿವಾರ ರಾತ್ರಿ ಹಾಸಿಗೆಯಲ್ಲಿ ಗ್ಯಾಲರಿ ಸರಿಸುತ್ತ ಪಡುತ್ತೇವೆ. ಬಹಳ ಕಷ್ಟಪಟ್ಟು ತೆಗೆದದ್ದನ್ನು ಕೈಬಿಡಲು ಮನಸ್ಸು ಬಾರದು, ಆದರೆ ಮರದ ಮೇಲೆ ಎರಡು ತಾಸು ಕೂತದ್ದು ಫೋಟೊದಲ್ಲಿ ಕಾಣುವುದಿಲ್ಲ. ಮಗಳ ನಗೆ ನನಗೆ ಚಂದ, ನೋಡುವವರಿಗೆ ಅದು ಯಾರದೋ ಮಗಳು.

ಇತ್ತೀಚೆಗೆ ನಾಲ್ಕನೆಯ ಕರಾರೊಂದು ಸೇರಿದೆ. ಮನುಷ್ಯರ ಫೋಟೊ ತಂದವರು ಆ ಮನುಷ್ಯರಿಗೊಂದು ಪ್ರಿಂಟು ಕೊಟ್ಟು ಬರಬೇಕು. ಇದರಿಂದ ಕದ್ದು ತೆಗೆಯುವ ಚಾಳಿ ಅರ್ಧಕ್ಕರ್ಧ ಇಳಿದಿದೆ. ಹೂವಿನವಳಿಗೂ ಪ್ರಿಂಟು ಹೋಯಿತು. ಆಕೆ ತಿರುಗಿಸಿ ಮುರುಗಿಸಿ ನೋಡಿ, ‘ಮಾರಿನ ಇಲ್ಲಲ್ಲೋ ಯಪ್ಪಾ, ಯಾರದು ಅಂತ ತಿಳೀಬೇಕು?’ ಎಂದಳಂತೆ. ಅದಕ್ಕಿಂತ ನೇರವಾದ ವಿಮರ್ಶೆ ನಮ್ಮ ಪಡಸಾಲೆಯಲ್ಲಿ ಇನ್ನೂ ಬಂದಿಲ್ಲ. ಬಕೀಟನ್ನು ಮಾತ್ರ ಆಕೆ ಗುರುತು ಹಿಡಿದಳಂತೆ.

ಇಂಥ ಕೂಟ ಕಟ್ಟಲು ದೊಡ್ಡ ಕ್ಯಾಮೆರಾ ಬೇಕಿಲ್ಲ, ನಮ್ಮಲ್ಲಿ ಮೂವರದು ಬರೀ ಮೊಬೈಲು. ಆದರೆ ದೊಡ್ಡ ಪರದೆ ಇಲ್ಲವೇ ಪ್ರಿಂಟು ಬೇಕೇ ಬೇಕು. ಅಂಗೈಯಗಲದ ಗಾಜಿನಲ್ಲಿ ಎಲ್ಲ ಫೋಟೊವೂ ಚಂದ. ಇನ್ನೊಂದು, ಹತ್ತು ಜನಕ್ಕಿಂತ ಹೆಚ್ಚಾಗಬಾರದು. ಹೆಚ್ಚಾದರೆ ಯಾರಾದರೂ ಭಾಷಣ ಶುರು ಮಾಡುತ್ತಾರೆ.

ಬರುವ ಭಾನುವಾರ ಪಡಸಾಲೆ ಖಾಲಿ. ಪಿಗೂ ತೆಗೆದ ಲಕ್ಕುಂಡಿಯ ಗುಡಿಯ ಚಿತ್ರದ ಒಂದು ಪ್ರತಿಯನ್ನು ಎಂಜಿನಿಯರಿಂಗ್ ಹುಡುಗಿ ಪ್ರಿಂಟು ಹಾಕಿಸಿ ತಂದಿದ್ದಾಳೆ. ಗದಗ ದಾಟಿ ಹೋಗಿ ಅವರು ನಿಂತ ಜಾಗ ಹುಡುಕುವುದೆಂದು ಆಗಿದೆ.

‘ಹೊಂಡೂದು ಎಷ್ಟೊತ್ತಿಗೆ?’ ಎಂದು ಬ್ಯಾಂಕಿನವರು ಕೇಳಿದರು.

ಹುಡುಗಿ ಪ್ರಿಂಟನ್ನು ಕಿಟಕಿಯ ಬೆಳಕಿಗೆ ಹಿಡಿದು ಗುಡಿಯ ಗೋಡೆಯ ಮೇಲಿನ ನೆರಳನ್ನು ಬೆರಳಿನಿಂದ ಅಳೆಯತೊಡಗಿದಳು. ‘ತಡೀರಿ ಕಾಕಾ, ಅವರು ಎಷ್ಟೊತ್ತಿಗೆ ತಗದಿದ್ರು ಅಂತ ಮೊದಲ ನೋಡೂಣು.’