ರಣಹದ್ದುಗಳ ಲೆಕ್ಕ

1990ರ ದಶಕದಲ್ಲಿ ನಮ್ಮ ದೇಶದ ರಣಹದ್ದುಗಳು ಅತಿ ವೇಗದಿಂದ ಕ್ಷಯಿಸಿದುವು. ದನಗಳ ನೋವಿಗೆ ಕೊಡುವ ಡೈಕ್ಲೊಫೆನಾಕ್ ಎಂಬ ಮದ್ದು ಕಳೇಬರದಲ್ಲುಳಿದು, ಅದನ್ನು ತಿಂದ ಹಕ್ಕಿಯ ಮೂತ್ರಪಿಂಡಗಳನ್ನು ಕೆಡಿಸಿ ಕೊಲ್ಲುವುದೆಂದು 2004ರಲ್ಲಿ ಪ್ರಕಟವಾಯಿತು. ಇಲ್ಲಿ ಶ್ರೋತೃಗಳಿಗೆ ಸಂಶಯ ಹುಟ್ಟುವುದು ಸಹಜ: ಮದ್ದು ಕುಡಿದೊಡನೆಯೇ ಸಾಯುವ ದನಗಳು ವಿರಳವಷ್ಟೆ, ಅಷ್ಟರಿಂದ ಒಂದು ಕುಲವೇ ಅಳಿಯುವುದೆ?

ಗಣಿತವನ್ನು ಕೇಳೋಣ. ಹಕ್ಕಿಯು ಮೂರು ದಿನಕ್ಕೊಮ್ಮೆ ಉಣ್ಣುವುದೆಂದಿಟ್ಟುಕೊಂಡರೆ ವರ್ಷಕ್ಕೆ ಸುಮಾರು 120 ಊಟ. ಇನ್ನೂರು ಕಳೇಬರಗಳಲ್ಲಿ ಒಂದೇ ಒಂದು ವಿಷಯುಕ್ತವಾಗಿದ್ದರೂ, ನೂರು ಹಕ್ಕಿಗಳಲ್ಲಿ ಸುಮಾರು 45 ವರ್ಷಾಂತ್ಯವನ್ನು ಕಾಣಲಾರವು. ವರ್ಷಕ್ಕೊಂದೇ ಮೊಟ್ಟೆಯಿಡುವ ಜಾತಿಯು ಆ ನಷ್ಟವನ್ನು ತುಂಬಿಕೊಳ್ಳುವುದೆಂತು? ರೀಸ್ ಗ್ರೀನ್ ಮತ್ತು ಸಂಗಡಿಗರು ಇದಕ್ಕಿಂತ ಸೂಕ್ಷ್ಮವಾಗಿ ಎಣಿಸಿ, 760ರಲ್ಲಿ ಒಂದರಿಂದ 130ರಲ್ಲಿ ಒಂದರಷ್ಟು ಕಳೇಬರಗಳಲ್ಲಿ ವಿಷವಿದ್ದರೆ ಸಾಕೆಂದು ತೋರಿಸಿದರು.

2006ರಲ್ಲಿ ಪಶುಚಿಕಿತ್ಸೆಗೆ ಆ ಮದ್ದು ನಿಷಿದ್ಧವಾಯಿತು. ಆದರೂ ಮನುಷ್ಯರಿಗೆಂದು ಮಾಡಿದ ದೊಡ್ಡ ಸೀಸೆಗಳು ಕೊಟ್ಟಿಗೆ ಸೇರುತ್ತಿದ್ದುದರಿಂದ, 2015ರಲ್ಲಿ ಅವನ್ನೂ 3 ಮಿಲಿಲೀಟರಿಗೆ ಇಳಿಸಬೇಕಾಯಿತು.