ಕಾರಿಡಾರಿನಲ್ಲಿ ಪೆನ್ಸಿಲ್ ಹಿಡಿದು ನಿಂತವರು

ಜಾನ್ ಲೆನನ್‌ಗೆ ತನ್ನ ಕಂಠ ಕಂಡರೆ ಆಗುತ್ತಿರಲಿಲ್ಲ. ಅರ್ಧ ಜಗತ್ತು ಆ ಕಂಠಕ್ಕೆ ಮರುಳಾಗಿದ್ದ ಕಾಲದಲ್ಲೂ ಸ್ಟುಡಿಯೊದಲ್ಲಿ ಅವನದು ಒಂದೇ ವರಾತ: ಈ ದನಿ ನನ್ನದಲ್ಲ ಅನ್ನಿಸುವ ಹಾಗೆ ಏನಾದರೂ ಮಾಡಿ. ಏನು ಮಾಡಬೇಕು, ಹೇಗೆ ಮಾಡಬೇಕು ಎಂಬುದೆಲ್ಲ ಉಳಿದವರ ತಲೆನೋವು. ಬೀಟಲ್ಸ್ ನಾಲ್ವರಲ್ಲಿ ಯಂತ್ರಗಳ ಗೋಜಿಗೆ ಹೋಗದವನು ಅವನೇ, ಯಂತ್ರಗಳಿಂದ ಆಗದ್ದನ್ನು ಕೇಳುವವನೂ ಅವನೇ.

1966ರ ಏಪ್ರಿಲ್ 6, ಬುಧವಾರ ರಾತ್ರಿ, ಲಂಡನ್ನಿನ ಆಬಿ ರೋಡ್‌ನಲ್ಲಿದ್ದ ಇಎಂಐ ಸ್ಟುಡಿಯೊದಲ್ಲಿ ಬೀಟಲ್ಸ್ ಹೊಸ ಆಲ್ಬಮ್ಮಿನ ಕೆಲಸ ಶುರುಮಾಡಿದರು. ಮುಂದೆ ‘ರಿವಾಲ್ವರ್’ ಎಂದು ಹೆಸರಾದ ಆಲ್ಬಮ್ ಅದು. ಮೊದಲ ದಿನ ಲೆನನ್ ತಂದ ಹಾಡಿಗೆ ಹೆಸರಿರಲಿಲ್ಲ. ದಾಖಲೆಗೆ ‘ಮಾರ್ಕ್ ಒನ್’ ಎಂದು ಬರೆದುಕೊಂಡರು. ಟಿಮೊತಿ ಲಿಯರಿ ಮತ್ತು ಇಬ್ಬರು ಸಂಗಡಿಗರು ಟಿಬೆಟಿನ ಮೃತ್ಯುಗ್ರಂಥವನ್ನು ಮುಂದಿಟ್ಟುಕೊಂಡು ಎಲ್‌ಎಸ್‌ಡಿ ತೆಗೆದುಕೊಳ್ಳುವವರಿಗಾಗಿ ಬರೆದ ಪುಸ್ತಕವೊಂದು 1964ರಲ್ಲಿ ಬಂದಿತ್ತು. ಲಂಡನ್ನಿನ ಇಂಡಿಕಾ ಪುಸ್ತಕದಂಗಡಿಯಲ್ಲಿ ಅದು ಲೆನನ್ ಕೈಗೆ ಸಿಕ್ಕಿತು, ಸಾಹಿತ್ಯ ಹುಟ್ಟಿದ್ದು ಅಲ್ಲಿಂದ. ಸಾಹಿತ್ಯಕ್ಕಿಂತ ವಿಚಿತ್ರವಾಗಿದ್ದದ್ದು ಸಂಗೀತ. ಇಡೀ ಹಾಡು ಸಿ ಕಾರ್ಡ್ ಬಿಟ್ಟು ಕದಲುವುದಿಲ್ಲ, ನಡುನಡುವೆ ಅದರ ಮೇಲೇ ಬಿ ಫ್ಲ್ಯಾಟ್ ಸುಳಿದು ಹೋಗುತ್ತದೆ, ಅಷ್ಟೆ. ಮೂರು ನಿಮಿಷದ ಪಾಪ್ ಹಾಡಿಗೆ ಕನಿಷ್ಠ ಮೂರು ಕಾರ್ಡ್ ಬೇಕು ಎಂಬ ಕಾಲದಲ್ಲಿ ಇದನ್ನು ಹಾಡೆನ್ನಲು ಧೈರ್ಯ ಬೇಕಿತ್ತು. ಶ್ರುತಿ ಹಿಡಿದು ಕೂತು ಗಂಟೆಗಟ್ಟಲೆ ಕೇಳುವ ನಮಗೆ ಇದರಲ್ಲೇನು ವಿಶೇಷ ಅನ್ನಿಸಬಹುದು. ಲಿವರ್‌ಪೂಲಿನ ಹುಡುಗನಿಗೆ ಅದು ವಿಶೇಷವೇ.

ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರಿಗೆ ಲೆನನ್ ಕೊಟ್ಟ ಸೂಚನೆ ಈಗ ಬಲು ಪ್ರಸಿದ್ಧ. ದಲೈ ಲಾಮಾ ಬೆಟ್ಟದ ತುದಿಯಲ್ಲಿ ನಿಂತು ಹಾಡಿದಂತೆ ತನ್ನ ದನಿ ಕೇಳಬೇಕು, ಹಿಂದೆ ಸಾವಿರಾರು ಭಿಕ್ಷುಗಳ ಪಠಣ ಇರಬೇಕು. ಮಾರ್ಟಿನ್ ಓಬೋ ಕಲಿತ ಶಾಸ್ತ್ರೀಯ ಸಂಗೀತಗಾರ. ಪೀಟರ್ ಸೆಲರ್ಸ್‌ನಂಥ ಹಾಸ್ಯ ಕಲಾವಿದರ ರೆಕಾರ್ಡುಗಳನ್ನೂ ಮಾಡಿದ್ದರಿಂದ ಸದ್ದುಗಳ ಜೊತೆ ಆಟವಾಡಿ ರೂಢಿಯಿತ್ತು. ಹುಚ್ಚು ಬೇಡಿಕೆಗಳಿಗೆ ಮುಖ ಸಿಂಡರಿಸದೆ ಇರುವುದನ್ನು ಅವರು ಕಲಿತದ್ದು ಹಾಸ್ಯಗಾರರ ಸಹವಾಸದಲ್ಲೇ ಇರಬೇಕು ಎಂದು ನನ್ನ ಊಹೆ.

ಬೆಟ್ಟ ಹುಡುಕುವ ಕೆಲಸ ಬಿದ್ದದ್ದು ಜೆಫ್ ಎಮರಿಕ್ ಎಂಬ ಇಪ್ಪತ್ತರ ಹುಡುಗನ ತಲೆಗೆ. ಅಲ್ಲಿಯವರೆಗೆ ಬೀಟಲ್ಸ್ ಧ್ವನಿಮುದ್ರಣ ನೋಡಿಕೊಳ್ಳುತ್ತಿದ್ದ ನಾರ್ಮನ್ ಸ್ಮಿತ್ ಬಡ್ತಿ ಪಡೆದು ನಿರ್ಮಾಪಕರಾಗಿದ್ದರು. ಅವರ ಕುರ್ಚಿಯಲ್ಲಿ ಎಮರಿಕ್‌ಗೆ ಅದು ಮೊದಲ ದಿನ. ಸ್ಟುಡಿಯೊದಲ್ಲಿ ಹ್ಯಾಮಂಡ್ ಆರ್ಗನ್ ಜೊತೆಗೆ ಬರುವ ಲೆಸ್ಲಿ ಎಂಬ ಮರದ ಪೆಟ್ಟಿಗೆಯಿತ್ತು. ಅದರೊಳಗೆ ಸ್ಪೀಕರಿನ ಬಾಯಿ ಗರಗರ ತಿರುಗುತ್ತದೆ, ಹಾಗಾಗಿ ಸದ್ದು ಹತ್ತಿರ ಬಂದು ದೂರ ಸರಿದು ನಡುಗಿದಂತೆ ಕೇಳುತ್ತದೆ. ಆರ್ಗನ್ನಿನ ಬದಲು ಲೆನನ್ ದನಿಯನ್ನೇ ಅದರೊಳಕ್ಕೆ ಕಳಿಸಿ, ಹೊರಗೆ ಮೈಕ್ ಇಟ್ಟು ಹಿಡಿದರೆ? ಪೆಟ್ಟಿಗೆಯ ವೈರುಗಳನ್ನು ಬಿಚ್ಚಿ ಜೋಡಿಸಿದರು. ಲೆನನ್ ಕುಣಿದಾಡಿದ. ಹಾಡಿನ ಉತ್ತರಾರ್ಧದಲ್ಲಿ ನಾವು ಕೇಳುವುದು ಆ ದನಿ. ಸುಮ್ಮನಿರದ ಲೆನನ್, ಸ್ಪೀಕರ್ ತಿರುಗಿಸುವ ಬದಲು ತನ್ನನ್ನೇ ಹಗ್ಗಕ್ಕೆ ಕಟ್ಟಿ ಸೂರಿನಿಂದ ಇಳಿಬಿಟ್ಟು ಮೈಕಿನ ಸುತ್ತ ತಿರುಗಿಸಿದರೆ ಹೇಗೆ ಎಂದೂ ಕೇಳಿದ. ಯಾರೂ ಒಪ್ಪಲಿಲ್ಲ, ಸದ್ಯ.

ಪೂರ್ವಾರ್ಧದ ದನಿಯ ಹಿಂದೆಯೂ ಇದೇ ವರಾತ ಇತ್ತು. ದನಿ ತುಂಬಿಕೊಂಡು ಕೇಳಲೆಂದು ಗಾಯಕರು ಒಂದೇ ಸಾಲನ್ನು ಎರಡು ಸಲ ಹಾಡಿ ಒಂದರ ಮೇಲೊಂದು ಕೂರಿಸುತ್ತಿದ್ದರು. ಲೆನನ್‌ಗೆ ಅದರ ಫಲ ಇಷ್ಟ, ಶ್ರಮ ಇಷ್ಟವಿಲ್ಲ. ಸ್ಟುಡಿಯೊದ ತಾಂತ್ರಿಕ ವಿಭಾಗದ ಕೆನ್ ಟೌನ್‌ಸೆಂಡ್ ಈ ಗೊಣಗಾಟ ಕೇಳಿ ಕೇಳಿ ಒಂದು ದಾರಿ ಹುಡುಕಿದರು. ಟೇಪ್ ಯಂತ್ರದಲ್ಲಿ ಮುದ್ರಿಸುವ ಹೆಡ್ ಮುಂದಿರುತ್ತದೆ, ನುಡಿಸುವ ಹೆಡ್ ಸ್ವಲ್ಪ ಹಿಂದೆ. ಮುಂದಿನ ಹೆಡ್ಡಿನಿಂದಲೇ ದನಿಯನ್ನು ಎತ್ತಿ ಎರಡನೇ ಯಂತ್ರಕ್ಕೆ ಕಳಿಸಿದರೆ, ಅದು ಅಲ್ಲಿ ಸುತ್ತಿ ಬರುವಷ್ಟರಲ್ಲಿ ಮೊದಲ ಯಂತ್ರದ ದನಿಯೂ ಹೊರಬಿದ್ದಿರುತ್ತದೆ. ಎರಡೂ ಹೆಚ್ಚುಕಡಿಮೆ ಒಟ್ಟಿಗೆ ಬರುತ್ತವೆ. ಎರಡನೇ ಯಂತ್ರದ ವೇಗವನ್ನು ಆಸಿಲೇಟರಿನಿಂದ ಚೂರು ಅತ್ತಿತ್ತ ಮಾಡಿದರೆ ಸೆಕೆಂಡಿನ ಕೆಲವು ನೂರನೇ ಭಾಗದಷ್ಟು ಅಂತರ ಬೀಳುತ್ತದೆ. ಕಿವಿಗೆ ಇಬ್ಬರು ಹಾಡಿದಂತೆ. ಸೋಮಾರಿಗಾಗಿ ಮಾಡಿದ ಈ ಏರ್ಪಾಡು ಮುಂದೆ ಜಗತ್ತಿನ ಸ್ಟುಡಿಯೊಗಳಿಗೆಲ್ಲ ಹಬ್ಬಿತು. ಇದು ಹೇಗೆ ಕೆಲಸ ಮಾಡುತ್ತದೆ ಎಂದು ಲೆನನ್ ಕೇಳಿದಾಗ ಮಾರ್ಟಿನ್ ಬಾಯಿಗೆ ಬಂದ ಅರ್ಥವಿಲ್ಲದ ತಾಂತ್ರಿಕ ಪದಗಳನ್ನು ಗಂಭೀರ ಮುಖದಲ್ಲಿ ಪೋಣಿಸಿ ಹೇಳಿದರಂತೆ. ಅವನು ಅಷ್ಟಕ್ಕೇ ತೃಪ್ತ.

ರಿಂಗೊನ ಡ್ರಮ್ಸ್ ಕತೆಯೂ ಅದೇ ರಾತ್ರಿಯದು. ಇಎಂಐನಲ್ಲಿ ತಂತ್ರಜ್ಞರು ಬಿಳಿ ಕೋಟು ಹಾಕಿಕೊಂಡು ಓಡಾಡುತ್ತಿದ್ದ ಕಾಲ. ದೊಡ್ಡ ಡ್ರಮ್ಮಿನಿಂದ ಮೈಕ್ ಎಷ್ಟು ದೂರ ಇರಬೇಕೆಂಬುದಕ್ಕೂ ನಿಯಮವಿತ್ತು, ಗಾಳಿಯ ಹೊಡೆತಕ್ಕೆ ಮೈಕ್ ಹಾಳಾದೀತೆಂಬ ಭಯ. ಎಮರಿಕ್ ಅಲ್ಲೇ ಬಿದ್ದಿದ್ದ ನಾಲ್ಕು ಕುತ್ತಿಗೆಯ ಒಂದು ಉಣ್ಣೆ ಸ್ವೆಟರನ್ನು ಡ್ರಮ್ಮಿನೊಳಗೆ ತುರುಕಿ, ಮೈಕನ್ನು ಅದರ ಮೂತಿಗೇ ತಂದು ನಿಲ್ಲಿಸಿದ. ಆಮೇಲೆ ದನಿಯನ್ನು ಲಿಮಿಟರಿನಲ್ಲಿ ಬಲವಾಗಿ ಹಿಂಡಿದ. ಆಡಳಿತದಿಂದ ಕಾಗದ ಬಂತು: ಬೀಟಲ್ಸ್‌ಗೆ ಮಾತ್ರ ಹೀಗೆ ಮಾಡಬಹುದು. ಆ ಎದೆಗುದ್ದುವ ಡ್ರಮ್ಮಿನ ಮೇಲೆ ರಿಂಗೊ ಒಂದೇ ನಡೆಯನ್ನು ಮೊದಲಿನಿಂದ ಕೊನೆವರೆಗೆ ಬದಲಿಸದೆ ನುಡಿಸುತ್ತಾನೆ. ಕೈಚಳಕ ತೋರಿಸುವ ಡ್ರಮ್ಮರ್ ಆಗಿದ್ದರೆ ಹಾಡು ಅಲ್ಲೇ ಕೆಡುತ್ತಿತ್ತು.

ಇನ್ನು ಜಾರ್ಜ್ ಹ್ಯಾರಿಸನ್. ಹಾಡು ಶುರುವಾಗುವಾಗ ಎಲ್ಲಕ್ಕಿಂತ ಮೊದಲು ಮೆಲ್ಲಗೆ ಏರಿ ಬರುವ ಸದ್ದು ಅವನು ಮೀಟಿದ ತಂಬೂರಿ. ತಂಬೂರಿ ಅವನವರೆಗೆ ಬಂದ ದಾರಿಯಲ್ಲಿ ನಮ್ಮ ಕಡೆಯವರೊಬ್ಬರು ನಿಂತಿದ್ದಾರೆ. ಆಯನ ದೇವ ಅಂಗಡಿ ಉತ್ತರ ಕರ್ನಾಟಕದ ಜಕನೂರಿನವರು. ಲಂಡನ್ನಿಗೆ ಹೋಗಿ ನೆಲೆಸಿ, ಪತ್ನಿ ಪೆಟ್ರಿಷಿಯಾ ಜೊತೆ ಏಷ್ಯನ್ ಮ್ಯೂಸಿಕ್ ಸರ್ಕಲ್ ಎಂಬ ಸಂಸ್ಥೆ ಕಟ್ಟಿ, ಭಾರತದ ಸಂಗೀತಗಾರರನ್ನು ಬ್ರಿಟನ್ನಿಗೆ ಕರೆಸುತ್ತಿದ್ದರು. 1965ರ ಅಕ್ಟೋಬರಿನಲ್ಲಿ ‘ನಾರ್ವೀಜಿಯನ್ ವುಡ್’ ಮುದ್ರಣದ ಹೊತ್ತಿಗೆ ಹ್ಯಾರಿಸನ್ನನ ಸಿತಾರಿನ ತಂತಿ ಕಿತ್ತುಹೋಯಿತು. ಲಂಡನ್ನಿನಲ್ಲಿ ಸಿತಾರಿನ ತಂತಿ ಯಾರ ಹತ್ತಿರ ಇದ್ದೀತು? ಮಾರ್ಟಿನ್ ಸೂಚನೆಯಂತೆ ಅಂಗಡಿಯವರಿಗೆ ಫೋನ್ ಹೋಯಿತು, ತಂತಿ ಸ್ಟುಡಿಯೊಗೆ ಬಂತು. ಅಲ್ಲಿಂದ ಹ್ಯಾರಿಸನ್‌ಗೆ ಆ ಮನೆಯ ಸಂಪರ್ಕ ಬೆಳೆಯಿತು. ‘ಮಾರ್ಕ್ ಒನ್’ ಶುರುವಾದ ಕೆಲವೇ ದಿನಗಳಲ್ಲಿ ಅವನ ‘ಲವ್ ಯು ಟು’ ಹಾಡಿಗೆ ತಬಲಾ ನುಡಿಸಿದ ಅನಿಲ್ ಭಾಗವತ್ ಬಂದದ್ದೂ ಈ ಸಂಸ್ಥೆಯ ಮೂಲಕ. ಜೂನ್‌ನಲ್ಲಿ ರವಿಶಂಕರ್ ಅವರನ್ನು ಹ್ಯಾರಿಸನ್ ಮೊದಲು ಭೇಟಿಯಾದದ್ದು ಅಂಗಡಿಯವರ ಮನೆಯಲ್ಲಿ. ಬೀಟಲ್ಸ್ ಮತ್ತು ಭಾರತ ಎಂದಕೂಡಲೇ ಎಲ್ಲರೂ ಋಷಿಕೇಶಕ್ಕೆ ಓಡುತ್ತಾರೆ. ಜಕನೂರಿನ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ಇಷ್ಟಾದರೂ ಹಾಡು ಅರ್ಧ. ಡ್ರಮ್ಸ್ ಇದೆ, ಶ್ರುತಿ ಇದೆ, ದನಿ ಇದೆ, ನಡುವೆ ಭಿಕ್ಷುಗಳು ಇರಬೇಕಾದ ಜಾಗ ಖಾಲಿ.

ಪಾಲ್ ಮೆಕಾರ್ಟ್ನಿ ಎಂದರೆ ಇಂಪಾದ ರಾಗ, ಲೆನನ್ ಎಂದರೆ ಕ್ರಾಂತಿ ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. 1966ರಲ್ಲಿ ಪರಿಸ್ಥಿತಿ ತಿರುಗಾಮುರುಗಾ. ಲೆನನ್ ಹೆಂಡತಿ ಮಗನೊಂದಿಗೆ ವೇಬ್ರಿಜ್ ಎಂಬ ಹೊರವಲಯದ ಊರಿನಲ್ಲಿ ಸಂಸಾರ ಹೂಡಿದ್ದ. ಮೆಕಾರ್ಟ್ನಿ ಮದುವೆಯಾಗದವ, ಲಂಡನ್ ನಗರದ ನಡುವೆ ಇದ್ದವ, ಸಂಜೆಗಳಲ್ಲಿ ಪ್ರಾಯೋಗಿಕ ಸಂಗೀತದ ಗೋಷ್ಠಿಗಳಿಗೆ ಹೋಗುವವ. ಸ್ಟಾಕ್‌ಹೌಸನ್ನರ ಟೇಪ್ ಸಂಗೀತ ಕೇಳಿ ಹುಚ್ಚು ಹಿಡಿಸಿಕೊಂಡಿದ್ದ. ಮನೆಯಲ್ಲಿ ಬ್ರೆನೆಲ್ ಟೇಪ್ ರೆಕಾರ್ಡರ್ ಇಟ್ಟುಕೊಂಡು ಅದರ ಅಳಿಸುವ ಹೆಡ್ಡನ್ನು ಕೆಲಸ ಮಾಡದಂತೆ ಮಾಡಿದ್ದ. ಸಾಮಾನ್ಯವಾಗಿ ಟೇಪಿನಲ್ಲಿ ಹೊಸದು ಬರುವ ಮೊದಲು ಹಳೆಯದು ಅಳಿದುಹೋಗುತ್ತದೆ. ಇವನ ಯಂತ್ರದಲ್ಲಿ ಅಳಿಯುವುದಿಲ್ಲ. ಒಂದು ತುಂಡು ಟೇಪಿನ ಎರಡು ತುದಿ ಅಂಟಿಸಿ ಬಳೆಯಾಗಿಸಿ ಓಡಬಿಟ್ಟರೆ, ಸುತ್ತು ಸುತ್ತಿಗೂ ಹೊಸ ಸದ್ದು ಹಳೆಯದರ ಮೇಲೆ ಕೂರುತ್ತಾ ಹೋಗಿ, ಕೊನೆಗೆ ಮೂಲ ಯಾವುದೆಂದು ಮಾಡಿದವನಿಗೂ ಗೊತ್ತಾಗುವುದಿಲ್ಲ. ಅವನ ನಗುವನ್ನೇ ವೇಗ ಹೆಚ್ಚಿಸಿ ಓಡಿಸಿದರೆ ಕಡಲಹಕ್ಕಿಗಳ ಹಿಂಡು ಕಿರುಚಿದಂತಾಯಿತು.

ಈ ಆಟಕ್ಕೆ ಅವನ ಸ್ವಂತ ಹಾಡುಗಳಲ್ಲಿ ಜಾಗವಿರಲಿಲ್ಲ ಎಂಬುದು ನನಗೆ ಇಡೀ ಕತೆಯಲ್ಲೇ ಕುತೂಹಲದ ಸಂಗತಿ. ಅದೇ ಆಲ್ಬಮ್ಮಿಗೆ ಅವನು ಕೊಟ್ಟದ್ದು ‘ಎಲಿನರ್ ರಿಗ್ಬಿ’, ‘ಹಿಯರ್, ದೇರ್ ಆ್ಯಂಡ್ ಎವ್ರಿವೇರ್’ನಂಥವು. ಎರಡೂ ಅಳೆದು ತೂಗಿ ಕಟ್ಟಿದವು. ಅಲ್ಲಿ ಕಡಲಹಕ್ಕಿಗಳನ್ನು ಬಿಟ್ಟಿದ್ದರೆ ಕಟ್ಟಡವೇ ಕುಸಿಯುತ್ತಿತ್ತು. ಕಾರ್ಡ್ ಬದಲಾಗುತ್ತಿರುವ ಹಾಡಿನ ಮೇಲೆ ಹೀಗೆ ತನ್ನ ಪಾಡಿಗೆ ತಿರುಗುವ ಟೇಪನ್ನು ಕೂರಿಸಿದರೆ, ಒಂದು ಕ್ಷಣ ಹೊಂದಿದ್ದು ಮುಂದಿನ ಕ್ಷಣ ಅಪಸ್ವರವಾಗುತ್ತದೆ. ಕದಲದ ಶ್ರುತಿ ಬೇಕು, ಬದಲಾಗದ ತಾಳ ಬೇಕು. ಲೆನನ್ನನ ಒಂಟಿ ಕಾರ್ಡ್, ಹ್ಯಾರಿಸನ್ನನ ತಂಬೂರಿ, ರಿಂಗೊನ ಹಟಮಾರಿ ನಡೆ ಮೂರೂ ಸೇರಿ ಅಂಥ ನೆಲ ಹಾಸಿದ್ದವು. ಮೆಕಾರ್ಟ್ನಿಗಾಗಿ ಹಾಸಿದ್ದಲ್ಲ. ಅವನ ಆಟಿಕೆಗಳೂ ಆ ಹಾಡಿಗಾಗಿ ಮಾಡಿದವಲ್ಲ.

ಮೆಕಾರ್ಟ್ನಿ ಟೇಪಿನ ಬಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಂಡು ಬಂದ. ಏಪ್ರಿಲ್ 7ರಂದು ಅವುಗಳಲ್ಲಿ ಐದನ್ನು ಆರಿಸಿದರು: ಹಕ್ಕಿಯಾದ ನಗು, ಆರ್ಕೆಸ್ಟ್ರಾ ಹಿಡಿದ ಬಿ ಫ್ಲ್ಯಾಟ್ ಕಾರ್ಡ್, ಮೆಲೊಟ್ರಾನ್ ಎಂಬ ಕೀಲಿಮಣೆಯ ಕೊಳಲಿನ ದನಿ, ಅದೇ ಮೆಲೊಟ್ರಾನಿನ ಪಿಟೀಲಿನ ದನಿ, ವೇಗ ಹೆಚ್ಚಿಸಿದ ಸಿತಾರಿನ ತುಣುಕು. ಐದು ಬಳೆಗೆ ಐದು ಯಂತ್ರ ಬೇಕು, ಕಂಟ್ರೋಲ್ ರೂಮಿನಲ್ಲಿ ಅಷ್ಟಿಲ್ಲ. ಕಟ್ಟಡದ ಬೇರೆ ಬೇರೆ ಕೋಣೆಗಳಲ್ಲಿದ್ದ ಯಂತ್ರಗಳನ್ನು ವೈರೆಳೆದು ಮೂರನೇ ಸ್ಟುಡಿಯೊದ ಮಿಕ್ಸಿಂಗ್ ಡೆಸ್ಕಿಗೆ ಸೇರಿಸಿದರು. ಟೇಪಿನ ಬಳೆ ಯಂತ್ರಕ್ಕಿಂತ ದೊಡ್ಡದು, ಸಡಿಲವಾದರೆ ಜೋತುಬೀಳುತ್ತದೆ. ಆದ್ದರಿಂದ ಬಿಳಿ ಕೋಟಿನ ತಂತ್ರಜ್ಞರು ಒಂದೊಂದು ಯಂತ್ರದ ಎದುರು ಪೆನ್ಸಿಲ್ ಹಿಡಿದು, ಬಳೆಯನ್ನು ಅದಕ್ಕೆ ಸಿಕ್ಕಿಸಿ ಬಿಗಿಯಾಗಿ ಎಳೆದುಕೊಂಡು ನಿಂತರು. ಏನು ನಡೆಯುತ್ತಿದೆ ಎಂದು ಅವರಿಗೆ ಕೇಳಿಸುವಂತೆಯೂ ಇರಲಿಲ್ಲ. ವರ್ಷಗಟ್ಟಲೆ ಓದಿ ಕಂಪನಿ ಸೇರಿದ ಎಂಜಿನಿಯರುಗಳು ಪೆನ್ಸಿಲ್ಲಿಗೆ ಟೇಪು ಸುತ್ತಿಕೊಂಡು ಗೋಡೆ ನೋಡುತ್ತಾ ನಿಂತದ್ದನ್ನು ನೆನೆದರೆ ಪಾಪ ಅನ್ನಿಸುತ್ತದೆ.

ಇತ್ತ ಡೆಸ್ಕಿನಲ್ಲಿ ಐದು ಫೇಡರುಗಳಿಗೂ ಐದು ಬಳೆಗಳು ನಿರಂತರವಾಗಿ ಬಂದು ಬೀಳುತ್ತಿವೆ. ಫೇಡರ್ ಏರಿಸಿದರೆ ಹಕ್ಕಿ ಬರುತ್ತದೆ, ಇಳಿಸಿದರೆ ಹೋಗುತ್ತದೆ. ಆದರೆ ಏರಿಸಿದ ಗಳಿಗೆಗೆ ಬಳೆ ಎಲ್ಲಿ ತಿರುಗುತ್ತಿರುತ್ತದೋ ಯಾರಿಗೂ ಗೊತ್ತಿಲ್ಲ. ಹಾಡನ್ನು ಓಡಬಿಟ್ಟು, ಡೆಸ್ಕನ್ನೇ ವಾದ್ಯದಂತೆ ನುಡಿಸುತ್ತಾ, ಬಂದದ್ದನ್ನು ಹಾಗೆಯೇ ನಾಲ್ಕು ಟ್ರ್ಯಾಕ್ ಟೇಪಿನ ಒಂದು ಟ್ರ್ಯಾಕಿಗೆ ಇಳಿಸಿಕೊಂಡರು. ಮತ್ತೊಮ್ಮೆ ಅದನ್ನೇ ಮಾಡಿ ಎಂದರೆ ಸಾಧ್ಯವಿರಲಿಲ್ಲ.

ಹೆಸರಿಟ್ಟದ್ದು ರಿಂಗೊನ ಬಾಯಿ. 1964ರಲ್ಲಿ ಅಮೆರಿಕದಿಂದ ಮರಳಿದಾಗ ಟಿವಿ ಸಂದರ್ಶನದಲ್ಲಿ ಅವನು ತಡವರಿಸಿ ಆಡಿದ ‘ಟುಮಾರೊ ನೆವರ್ ನೋಸ್’ ಎಂಬ ಮಾತನ್ನು ಲೆನನ್ ನೆನಪಿಟ್ಟುಕೊಂಡಿದ್ದ. ಸಾಹಿತ್ಯ ಅತಿಯಾಗಿ ತತ್ವಜ್ಞಾನದಂತೆ ಕೇಳೀತೆಂದು ಅದನ್ನೇ ಶೀರ್ಷಿಕೆ ಮಾಡಿದ. 1966ರ ಆಗಸ್ಟ್ 5ಕ್ಕೆ ಬ್ರಿಟನ್ನಿನಲ್ಲಿ ಆಲ್ಬಮ್ ಬಿಡುಗಡೆಯಾಯಿತು. ಮೊದಲು ಮುದ್ರಿಸಿದ ಹಾಡು ಕಟ್ಟಕಡೆಗೆ ಕೂತಿತ್ತು. ರಚನೆ: ಲೆನನ್ ಮತ್ತು ಮೆಕಾರ್ಟ್ನಿ. ಹ್ಯಾರಿಸನ್, ರಿಂಗೊ, ಎಮರಿಕ್, ಟೌನ್‌ಸೆಂಡ್ ಯಾರ ಹೆಸರೂ ಆ ಸಾಲಿನಲ್ಲಿಲ್ಲ. ಆ ತಿಂಗಳು ಬೀಟಲ್ಸ್ ಅಮೆರಿಕ ಸುತ್ತಿ, 29ಕ್ಕೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೊನೆಯ ಪ್ರವಾಸಿ ಕಛೇರಿ ಮುಗಿಸಿದರು. ಹೊಸ ಆಲ್ಬಮ್ಮಿನ ಒಂದು ಹಾಡನ್ನೂ ವೇದಿಕೆಯಲ್ಲಿ ನುಡಿಸಲಿಲ್ಲ.

ತೃಪ್ತನಾಗದವನು ಒಬ್ಬನಿದ್ದ. 1968ರಲ್ಲಿ ಹಂಟರ್ ಡೇವಿಸ್ ಬರೆದ ಬೀಟಲ್ಸ್ ಜೀವನಚರಿತ್ರೆ ಬಂದಾಗ ಅದರಲ್ಲಿ ಲೆನನ್ ಈ ಹಾಡಿನ ಬಗ್ಗೆ ಗೊಣಗಿಕೊಂಡಿದ್ದಾನೆ. ಆದದ್ದು ತನಗೆ ಅಷ್ಟಾಗಿ ಹಿಡಿಸಲಿಲ್ಲ, ಮೊದಲು ಅಂದುಕೊಂಡಂತೆ ಭಿಕ್ಷುಗಳ ಪಠಣಕ್ಕೇ ಪ್ರಯತ್ನಿಸಬೇಕಿತ್ತು ಎಂದು. ಕೇಳಿದ್ದು ಸಿಕ್ಕಿದ್ದರೆ ಅವನಿಗೆ ಒಳ್ಳೆಯದಾಗುತ್ತಿತ್ತೇನೋ, ಹಾಡಿಗೆ ಆಗುತ್ತಿರಲಿಲ್ಲ ಎಂದೇ ನನ್ನ ಅಭಿಪ್ರಾಯ. ಮೊದಲ ರಾತ್ರಿಯ ಮೊದಲ ಟೇಕ್ 1996ರ ‘ಆ್ಯಂಥಾಲಜಿ 2’ರಲ್ಲಿ ಸಿಗುತ್ತದೆ. ನಿಧಾನ, ಭಾರ, ನೀರಿನಡಿಯಿಂದ ಬಂದಂಥ ಸದ್ದು. ಚೀಲ ಬಾರದ ದಿನದ್ದು ಅದು. ಎರಡನ್ನೂ ಒಂದರ ಹಿಂದೊಂದು ಹಾಕಿ ಕೇಳಿ ನೋಡಿ.